ಇಂಪನಾಳ ಹತ್ತಿ ಹಾಸಿಗೆ

ಶಿವಮೊಗ್ಗದ ಅರ್ಧ ಊರು ನಾನು ಮಡಿಸಿಕೊಟ್ಟ ಬೆಡ್‌ಶೀಟಿನ ಮೇಲೆ ಮಲಗುತ್ತದೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಾಸು ಹೊದಿಕೆಗಳ ವಿಭಾಗ ನನ್ನದು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಒಮ್ಮೆ ಉಜ್ಜಿದರೆ ಸಾಕು, ಅದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಕಂಪನಿಯವನ ಸುಳ್ಳು ಎಷ್ಟು ಎಂದು ಹೇಳಿಬಿಡುತ್ತೇನೆ. ಮದುವೆ ಹೆಣ್ಣುಗಳ ತಾಯಂದಿರು "ಸಂಘಮಿತ್ರಾ ಇದ್ದಾಳಾ?" ಎಂದು ಕೇಳಿಕೊಂಡೇ ಮೆಟ್ಟಿಲು ಹತ್ತುತ್ತಾರೆ. ಇಂಥ ನನಗೆ ನನ್ನ ನಾಲ್ಕು ವರ್ಷದ ಮಗಳು ನೆಮ್ಮದಿಯಾಗಿ ಮಲಗುವಂಥ ಒಂದು ಹಾಸಿಗೆ ಹೊಂದಿಸುವುದಕ್ಕೆ ಆಗಲಿಲ್ಲ.

ಇಂಪನಾಳಿಗೆ ಹುಟ್ಟಿದ ವರ್ಷದಿಂದಲೂ ಇಸುಬು. ಡಾಕ್ಟರು ಎಕ್ಸಿಮಾ ಎನ್ನುತ್ತಾರೆ, ಅತ್ತೆ ಕಜ್ಜಿ ಎನ್ನುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಏನೂ ಅನ್ನದೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಮೊಣಕೈಯ ಮಡಿಕೆ, ಮಂಡಿಯ ಹಿಂದೆ, ಕುತ್ತಿಗೆ. ಬೆವರಿದರೆ ಕೆರೆತ, ಚಳಿಯಾದರೆ ಕೆರೆತ, ಅತ್ತರೆ ಕೆರೆತ. ಮಲಗಿದ ಮೇಲಂತೂ ಕೇಳುವುದೇ ಬೇಡ, ಕಣ್ಣು ಮುಚ್ಚಿಕೊಂಡೇ ಕೆರೆದುಕೊಳ್ಳುತ್ತಾಳೆ. ಬೆಳಿಗ್ಗೆ ಎದ್ದರೆ ಅವಳ ಉಗುರಿನಲ್ಲಿ ರಕ್ತ.

"ಮಗು ಮಲಗೋ ಜಾಗ ಮೊದಲು ಸರಿ ಮಾಡಿ" ಎಂದು ಚರ್ಮದ ಡಾಕ್ಟರು ಹೇಳಿದ್ದರು. ದುರ್ಗಿಗುಡಿಯ ಆ ಡಾಕ್ಟರಮ್ಮ ಮಾತು ಕಡಿಮೆ. "ಫೋಮ್ ಹಾಸಿಗೆ ಕಾವು ಹಿಡಿಯುತ್ತೆ, ತೆಗೆದುಬಿಡಿ. ಉಣ್ಣೆ ಬೇಡ, ಜುಂಗು ಇರೋದು ಯಾವುದೂ ಬೇಡ. ಮೆತ್ತಗಿನ ಹತ್ತಿ ಬಟ್ಟೆ ಹಾಸಿ. ವಾರ ವಾರ ಬಿಸಿನೀರಲ್ಲಿ ಒಗೀರಿ. ಧೂಳು ಇರಬಾರದು."

ಇದು ನನ್ನದೇ ಅಖಾಡ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಬಿಟ್ಟೆ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ರಗ್ಗು ಅಟ್ಟ ಸೇರಿತು. ಕರಡಿ ಚಿತ್ರದ ಮಖಮಲ್ ದಿಂಬು ಕಿತ್ತುಕೊಂಡಾಗ ಇಂಪನಾ ಅತ್ತು ರಂಪ ಮಾಡಿದಳು. ಅಂಗಡಿಯಲ್ಲಿ ಇದ್ದುದರಲ್ಲೇ ನುಣುಪಾದ ಹತ್ತಿ ಶೀಟುಗಳನ್ನು ಆರಿಸಿ ತಂದು, ಗಂಜಿ ಪೂರ್ತಿ ಹೋಗುವವರೆಗೆ ಒಗೆದು ಒಗೆದು ಹಾಸಿದೆ. ಉಳಿದಿದ್ದು ಹಾಸಿಗೆ. ಅದನ್ನು ಫೋನಿನಲ್ಲಿ ಅತ್ತೆಗೆ ಹೇಳಿದೆ.

ಅತ್ತೆ ಕರಿಬಸಮ್ಮ ಇರುವುದು ಭದ್ರಾವತಿಯಲ್ಲಿ, ನನ್ನ ಮೈದುನ ಪ್ರಕಾಶನ ಜೊತೆ. ಬೆಳಿಗ್ಗೆ ಶಾಲೆಯ ಬಿಸಿಯೂಟದ ಅಡುಗೆಮನೆಗೆ ಹೋದರೆ ಮಧ್ಯಾಹ್ನ ಪಾತ್ರೆ ತೊಳೆಸಿ ವಾಪಸು ಬರುವ ಗಟ್ಟಿ ಹೆಂಗಸು. ಮಾವ ಹುಲಿಯಪ್ಪ ತೀರಿಕೊಂಡು ಎರಡು ವರ್ಷವಾಯಿತು. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಷ್ಯ ಕಳೆದು, ಕೊನೆಯ ಒಂದು ವರ್ಷ ಎದ್ದು ಓಡಾಡಲಾಗದೆ ಹಾಸಿಗೆ ಹಿಡಿದಿದ್ದರು. ಆ ವರ್ಷವೆಲ್ಲ ನಾವೂ ಭದ್ರಾವತಿಯಲ್ಲೇ ಅವರ ಜೊತೆಗಿದ್ದೆವು.

"ಹತ್ತಿ ಹಾಸಿಗೆ ತಾನೆ? ನಾನು ಮಾಡ್ಸಿ ಕೊಡ್ತೀನಿ ಬಿಡು" ಎಂದರು ಅತ್ತೆ. ನಾನು ಬೇಡ ಎನ್ನಲಿಲ್ಲ.

ಕಳೆದ ದೀಪಾವಳಿ ಮುಗಿಯುತ್ತಿದ್ದಂತೆ ಪ್ರಕಾಶನ ಲಗೇಜ್ ಆಟೋದಲ್ಲಿ ಹಾಸಿಗೆಯನ್ನು ತಬ್ಬಿ ಕೂತುಕೊಂಡೇ ಹೊಸಮನೆಯ ನಮ್ಮ ಬಾಡಿಗೆ ಮನೆಗೆ ಬಂದಿಳಿದರು. ನೀಲಿ ಗೆರೆಯ ಹೊಸ ಗವಸು, ಮೂಲೆ ಮೂಲೆಗೆ ಕೈಹೊಲಿಗೆ, ಹೊಲಿಗೆಯ ಸಂದಿಯಲ್ಲಿ ಇಣುಕುವ ಅಚ್ಚ ಬಿಳಿ ಹತ್ತಿ. ನನ್ನ ಎರಡು ಬೆರಳು ತಾವಾಗಿಯೇ ಗವಸಿನ ಬಟ್ಟೆಯನ್ನು ಉಜ್ಜಿ ನೋಡಿದವು. ಒಳ್ಳೇ ಬಟ್ಟೆ. ಹಾಸಿಗೆ ಸ್ವಲ್ಪ ಭಾರವೆನಿಸಿತು, ಹತ್ತಿ ಧಾರಾಳವಾಗಿ ತುಂಬಿಸಿದ್ದಾರೆ ಎಂದುಕೊಂಡೆ.

ಇಂಪನಾ ಅದರ ಮೇಲೆ ಬೋರಲು ಬಿದ್ದು, ಮೂಗು ಒತ್ತಿ, "ತಾತನ ಹಾಸಿಗೆ" ಎಂದಳು.

"ತಾತಂದಲ್ಲ ಪುಟ್ಟಿ, ಇದು ಅಜ್ಜಿ ತಂದಿದ್ದು. ಅಜ್ಜಿ ಹಾಸಿಗೆ ಅನ್ನು."

"ಅಲ್ಲ, ತಾತನ ಹಾಸಿಗೆ."

ಚಹಾದ ಲೋಟ ಬಾಯಿಗಿಟ್ಟಿದ್ದ ಅತ್ತೆ ಹಾಗೆಯೇ ನಿಂತರು. ಕಣ್ಣು ತುಂಬಿಕೊಂಡಿತ್ತು. ಪಾಪ, ಗಂಡನ ಹೆಸರು ಬಂತಲ್ಲ, ಸಂಕಟವಾಗಿದೆ ಎಂದುಕೊಂಡು ನಾನು ಒಳಗೆ ಹೋಗಿ ಒಂದು ಪ್ಲೇಟು ಚಕ್ಕುಲಿ ತಂದಿಟ್ಟೆ.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಇಸುಬು ಮೊಣಕೈ ಬಿಟ್ಟು ತೋಳಿಗೆ ಹತ್ತಿತು, ಬೆನ್ನಿಗೆ ಹಬ್ಬಿತು. ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು. ಮುಲಾಮು ಹಚ್ಚಿದರೆ ನಾಲ್ಕು ದಿನ ಇಳಿದು ಮತ್ತೆ ಏರುತ್ತಿತ್ತು. ನಾನು ಬದನೆಕಾಯಿ ನಿಲ್ಲಿಸಿದೆ, ಮೊಟ್ಟೆ ನಿಲ್ಲಿಸಿದೆ, ಕಡಲೆಬೀಜ ನಿಲ್ಲಿಸಿದೆ. ಸೋಪು ಬದಲಾಯಿಸಿದೆ. ಮನೆ ಓನರ್ ವಸಂತಮ್ಮನವರ ಬೆಕ್ಕನ್ನು ಕಂಡಲ್ಲೆಲ್ಲ ಅಟ್ಟಾಡಿಸಿದೆ. ಮಾಚೇನಹಳ್ಳಿಯ ಮೆಷಿನ್ ಶಾಪಿನಿಂದ ಕಬ್ಬಿಣದ ಧೂಳು ಹೊತ್ತು ತರುತ್ತಾನೆಂದು ಗಂಡ ಯೋಗರಾಜನನ್ನು ಬಾಗಿಲಲ್ಲೇ ನಿಲ್ಲಿಸಿ, ಹಿತ್ತಲಲ್ಲಿ ಸ್ನಾನ ಮಾಡಿಸಿ ಒಳಗೆ ಬಿಟ್ಟುಕೊಂಡೆ. ಎಲ್ಲದರ ಮೇಲೂ ಅನುಮಾನ ಬಂತು. ಹಾಸಿಗೆಯ ಮೇಲೆ ಮಾತ್ರ ಬರಲಿಲ್ಲ. ನಾವು ಮಾಡಿದ್ದರಲ್ಲಿ ಸರಿಯಾದ ಕೆಲಸವೆಂದರೆ ಅದೊಂದೇ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಅತ್ತೆ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದುದು ಒಂದೇ ಮಾತು, "ಮಗು ಹಾಸಿಗೆ ಮೇಲೆ ಚೆನ್ನಾಗಿ ಮಲಗ್ತಿದೆಯಾ?" ಅಷ್ಟು ಆಸೆಪಟ್ಟು ಮಾಡಿಸಿದವರಿಗೆ ಏನೆಂದು ಹೇಳುವುದು? "ಹ್ಞೂಂ ಅತ್ತೆ, ಹಾಯಾಗಿ ಮಲಗ್ತಾಳೆ" ಎನ್ನುತ್ತಿದ್ದೆ. ಭದ್ರಾವತಿಗೆ ಹೋದಾಗ ಇಂಪನಾಳಿಗೆ ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿಕೊಂಡೇ ಹೋಗುತ್ತಿದ್ದೆ. ಬೀದಿಯ ಹೆಂಗಸರು ನೋಡಿ "ಏನಾಯ್ತು, ಯಾಕಾಯ್ತು" ಎಂದು ಸುತ್ತುವರಿಯುತ್ತಾರಲ್ಲ, ಅದು ನನಗೆ ಆಗದು. ಸಂಜೆಯೊಳಗೆ ವಾಪಸು.

ಮೊನ್ನೆ ಸೋಮವಾರ ಡಾಕ್ಟರಮ್ಮ ಮಗಳ ಬೆನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ಹಾಸಿಗೆ ಏನದು?"

"ಹತ್ತಿದು ಮೇಡಂ. ಹೊಸದು. ನಮ್ಮತ್ತೆ ಹೇಳಿ ಮಾಡ್ಸಿದ್ದು."

"ಒಳಗಡೆ ಏನಿದೆ ನೋಡಿದೀರಾ?"

ನನಗೆ ರೇಗಿತು. ಹಾಸಿಗೆ ಹೊದಿಕೆಯ ಬಗ್ಗೆ ನನಗೇ ಪಾಠವೇ! "ಮೇಡಂ, ನಾನು ಅದೇ ವ್ಯಾಪಾರದಲ್ಲಿರೋಳು" ಎಂದೆ.

"ಒಳಗಡೆ ನೋಡಿದೀರಾ ಅಂತ ಕೇಳ್ದೆ" ಎಂದರು ಆಕೆ, ದನಿ ಏರಿಸದೆ.

ಮಂಗಳವಾರ ನನಗೆ ರಜೆ. ಬೆಳಗಿನ ಬಿಸಿಲು ಏರುತ್ತಿದ್ದಂತೆ ಹಾಸಿಗೆಯನ್ನು ತಾರಸಿಗೆ ಎಳೆದುಕೊಂಡು ಹೋಗಿ ಗೋಡೆಯ ಮೇಲೆ ಹಾಕಿ ಕೋಲಿನಿಂದ ಬಾರಿಸಿದೆ. ಎಲ್ಲ ಸಿಟ್ಟನ್ನೂ ಸೇರಿಸಿ ಬಾರಿಸಿದೆ ಎನ್ನಿ. ಮೊದಲು ಬಿಳಿ ಜುಂಗು ಹಾರಿತು. ಆಮೇಲೆ ಕಂದು ಬಣ್ಣದ ಧೂಳು. ಎಷ್ಟು ಹೊಡೆದರೂ ಅದು ನಿಲ್ಲಲೇ ಇಲ್ಲ, ಬಿಸಿಲಿನಲ್ಲಿ ಹೊಗೆ ಎದ್ದ ಹಾಗೆ ಎದ್ದಿತು. ನನಗೇ ಸೀನು ಬಂತು. ಹೊಸ ಹತ್ತಿಯಲ್ಲಿ ಈ ಬಣ್ಣ ಎಲ್ಲಿಂದ?

ಕತ್ತರಿ ತಂದು ಒಂದು ಬದಿಯ ಹೊಲಿಗೆ ಬಿಚ್ಚಿದೆ. ಸಂಡಿಗೆ ಹರವಲು ಬಂದಿದ್ದ ವಸಂತಮ್ಮನವರೂ ಬಗ್ಗಿ ನೋಡಿದರು. ಎರಡು ಬೆರಳು ದಪ್ಪ ಬಿಳಿ ಹತ್ತಿ. ಅದರ ಕೆಳಗೆ ಕೈ ಹಾಕಿ ಹೊರಗೆಳೆದೆ.

ಕೈಗೆ ಬಂದಿದ್ದು ಹತ್ತಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸೋಸಿದ ಚಹಾಪುಡಿಯ ಬಣ್ಣ. ಉಂಡೆ ಉಂಡೆಯಾಗಿ ಗಟ್ಟಿ ಕಟ್ಟಿತ್ತು, ಕೆಲವು ಉಂಡೆ ಕಪ್ಪಗೆ, ಅಂಟಂಟಾಗಿ. ಹಿಸುಕಿದರೆ ಪುಡಿ ಉದುರುತ್ತಿತ್ತು. ಒಂದು ಉಂಡೆಯಲ್ಲಿ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡು ಹಳದಿಯಾಗಿ ಅಂಟಿಕೊಂಡಿತ್ತು. ಹಳೆಯ ಬೆವರು, ನೋವಿನೆಣ್ಣೆ, ಬೀಡಿ, ಎಲ್ಲ ಕಲಸಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ಅದನ್ನು ಕೆಳಗೆ ಬಿಸಾಡಿ ಕೈಯನ್ನು ದೂರ ಹಿಡಿದುಕೊಂಡು ನಿಂತೆ. ನನ್ನ ಮಗಳು ನಿನ್ನೆಯವರೆಗೆ ಮುಖ ಒತ್ತಿ ಮಲಗಿದ್ದು ಇದರ ಮೇಲೆ.

"ಅಯ್ಯೋ ಮಾರಾಯ್ತಿ! ಇದೆಂಥದ್ದೇ ಇದು!" ವಸಂತಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಯಾವ್ದೋ ಆಸ್ಪತ್ರೆ ಹಾಸಿಗೆ ಬಿಚ್ಚಿ ತುಂಬಿದಾನಲ್ಲೇ ಅವ್ನು! ಕೂಸಿನ ಹಾಸಿಗೆಗೆ!"

ಆ ಮಾತು ನನ್ನ ತಲೆಗೆ ಹೊಕ್ಕಿತು. ಹೊಲಿದವನು ಅತ್ತೆಗೆ ಮೋಸ ಮಾಡಿದ್ದಾನೆ. ಮೇಲೆ ಹೊಸ ಹತ್ತಿ ತೋರಿಸಿ, ಒಳಗೆ ಎಲ್ಲಿಯದೋ ಕೊಳಕು ತುಂಬಿ, ಓದು ಬರಹ ಇಲ್ಲದ ಹೆಂಗಸೆಂದು ಟೋಪಿ ಹಾಕಿದ್ದಾನೆ. ಆ ಕಂದು ಉಂಡೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಇಂಪನಾಳನ್ನು ಬಿಟ್ಟುಹೋಗು ಎಂದರು ವಸಂತಮ್ಮ. ಅವಳು ನನ್ನ ಸೀರೆ ಬಿಡಲಿಲ್ಲ. ಚೀಲ ಒಂದು ಕೈಯಲ್ಲಿ, ಮಗಳು ಇನ್ನೊಂದು ಕೈಯಲ್ಲಿ, ಭದ್ರಾವತಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಮಾಚೇನಹಳ್ಳಿ ಸ್ಟಾಪಿನಲ್ಲಿ ಇಂಪನಾ ಕಿಟಕಿಯಿಂದ "ಅಪ್ಪನ ಫ್ಯಾಕ್ಟರಿ" ಎಂದು ಕೈ ಬೀಸಿದಳು. ಆಮೇಲೆ ಕಾಲ ಬಳಿಯ ಚೀಲಕ್ಕೆ ಬಗ್ಗಿ, "ಅಮ್ಮ, ತಾತನ ಹಾಸಿಗೆ ಯಾಕೆ ಚೀಲಕ್ಕೆ ಹಾಕ್ದೆ?" ಎಂದಳು. "ಸುಮ್ನೆ ಕೂತ್ಕೊ" ಎಂದು ಗದರಿದೆ.

ಅತ್ತೆಗೆ ಆ ಹಾಸಿಗೆ ಹೊಲಿದುಕೊಟ್ಟ ಧರ್ಮೇಂದ್ರನ ಅಂಗಡಿ ಹಳೇನಗರದಲ್ಲಿ, ಅತ್ತೆಯ ಮನೆಯಿಂದ ಎರಡು ಬೀದಿ ಆಚೆ. ಹತ್ತಿ ಹಿಂಜುವ ಮೆಷಿನ್ ಗಡಗಡ ಎನ್ನುತ್ತಿತ್ತು. ನಾನು ಅದರ ಸದ್ದನ್ನೂ ಮೀರಿ ಕೂಗಿದೆ. ಮನುಷ್ಯನೇನಯ್ಯಾ ನೀನು ಎಂದೆ, ಮನೆಯಲ್ಲಿ ಮಕ್ಕಳಿಲ್ಲವಾ ಎಂದೆ, ಪೊಲೀಸಿಗೆ ಕೊಡುತ್ತೇನೆ ಎಂದೆ. ಚೀಲದ ಬಾಯಿ ಬಿಚ್ಚಿ ಅವನ ಅಂಗಡಿಯ ಚಾಪೆಯ ಮೇಲೆ ಸುರಿದೆ. ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಬಂದು ನಿಂತರು.

ಧರ್ಮೇಂದ್ರ ಮೆಷಿನ್ ನಿಲ್ಲಿಸಿದ. ಮೂಗಿಗೆ ಕಟ್ಟಿದ್ದ ಬಟ್ಟೆ ಕೆಳಗಿಳಿಸಿ ಆ ಉಂಡೆಗಳನ್ನು ನೋಡಿದ. ಅವನ ಮುಖ ಸಣ್ಣಗಾಯಿತು.

"ಅಕ್ಕ, ಕೂಗಾಡ್ಬೇಡಿ. ಮೊದ್ಲು ಒಳಗೆ ಬನ್ನಿ."

"ಯಾಕೆ ಒಳಗೆ? ಎಲ್ಲಾರೂ ಕೇಳ್ಲಿ!"

"ಬೇಡಕ್ಕ, ಮನೆ ವಿಷ್ಯ." ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಈ ಹತ್ತಿ ನಂದಲ್ಲ. ಕರಿಬಸಮ್ಮೋರು ತಂದು ಕೊಟ್ಟಿದ್ದು. ನಾನು ಬೇಡ ಅಂದೆ. ಹಂಗಾದ್ರೆ ಹಿಂಜಿಯಾದ್ರೂ ಹಾಕ್ತೀನಿ, ಧೂಳು ಹೋಗ್ಲಿ ಅಂದೆ. ಮೆಷಿನ್‌ಗೆ ಹಾಕ್ಬೇಡ, ಚೂರು ಚೂರು ಮಾಡ್ಬೇಡ ಅಂತ ಇಲ್ಲೇ ಕೂತು ಅತ್ತುಬಿಟ್ರು. ಹಂಗೇ ನಡುವೆ ಇಟ್ಟು ಮೇಲೆ ಹೊಸ ಹತ್ತಿ ಮುಚ್ಚಿ ಹೊಲ್ದೆ. ಯಾರಿಗೆ ಅಂತ ಹೇಳ್ಲಿಲ್ಲಕ್ಕ. ತಾವೇ ಮಲಗೋಕೆ ಅಂದ್ಕೊಂಡೆ. ಯಜಮಾನ್ರ ಹಾಸಿಗೆ ಅಲ್ವಾ."

"ಯಾವ ಯಜಮಾನ್ರು?"

ಅವನು ನನ್ನ ಮುಖವನ್ನೇ ನೋಡಿದ. "ಹುಲಿಯಪ್ಪೋರದ್ದು. ಅವ್ರು ತೀರ್ಕೊಂಡ ಹಾಸಿಗೆ."

ಆ ವಾಸನೆ ಯಾರದು ಎಂದು ಆಗ ಗೊತ್ತಾಯಿತು. ಮಾವನ ಕೋಣೆಗೆ ಕಾಲಿಟ್ಟರೆ ಎದುರಾಗುತ್ತಿದ್ದ ವಾಸನೆ. ಇಂಪನಾ ಮೊದಲನೇ ದಿನವೇ ಅದನ್ನು ಹೇಳಿದ್ದಳು. ಬಸ್ಸಿನಲ್ಲೂ ಹೇಳಿದ್ದಳು. ನಾನು ತಿದ್ದುತ್ತಾ ಬಂದಿದ್ದೆ.

ನಮ್ಮಲ್ಲಿ ಸತ್ತವರ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣ ಎತ್ತಿದ ದಿನವೇ ಹಾಸಿಗೆ, ಚಾಪೆ, ಹೊದ್ದ ಬಟ್ಟೆ ಎಲ್ಲವನ್ನೂ ಸುತ್ತಿ ಹೊಳೆಯ ದಂಡೆಗೆ ಹಾಕಿ ಬರುತ್ತಾರೆ. ಅವತ್ತು ಹಾಕಿ ಬಂದವನು ನನ್ನ ಗಂಡನೇ. ಬೀದಿಯ ತುದಿಗೆ ಬಂದು ಅವನಿಗೆ ಫೋನು ಮಾಡಿದೆ. ಹಿಂದೆ ಲೇತ್ ಮೆಷಿನ್ ತಿರುಗುವ ಸದ್ದು.

"ರೀ, ಮಾವ ಹೋದಾಗ ಅವರ ಹಾಸಿಗೆ ಏನ್ಮಾಡಿದ್ರಿ?"

"ಈಗ್ಯಾಕೆ ಅದು? ಹೊಳೆ ಹತ್ರ ಹಾಕಿ ಬಂದ್ನಲ್ಲ."

"ಬಿಚ್ಚಿ ನೋಡಿದ್ರಾ?"

"ಅದನ್ನ ಯಾರಾದ್ರೂ ಬಿಚ್ಚಿ ನೋಡ್ತಾರೇನೇ? ಅವ್ವ ಬೆಡ್‌ಶೀಟಲ್ಲಿ ಸುತ್ತಿ ಕಟ್ಟಿ ಕೊಟ್ಲು. ಎತ್ಕೊಂಡ್ ಹೋದೆ. ಹಗುರವಾಗಿತ್ತು." ಆಮೇಲೆ, "ಯಾಕೆ? ಸಂಘಮಿತ್ರಾ, ಯಾಕೆ?" ಎಂದ.

"ಇಂಪನಾ ಮಲಗ್ತಿರೋದು ಅದರ ಮೇಲೆ" ಎಂದೆ. ಅವನು ಲೇತ್ ನಿಲ್ಲಿಸಿದ ಸದ್ದು ಕೇಳಿಸಿತು.

ಧರ್ಮೇಂದ್ರ ಹತ್ತಿಯನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ ಹಿಂದಿನಿಂದ ತಂದುಕೊಟ್ಟ. ನಾನು ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದೆ. "ಪರ್ವಾಗಿಲ್ಲಕ್ಕ" ಎಂದವನು ಇಂಪನಾಳ ಕೈ ನೋಡಿ ಬೇರೆ ಕಡೆ ಮುಖ ತಿರುಗಿಸಿದ.

ಅತ್ತೆ ಆಗಷ್ಟೇ ಶಾಲೆಯಿಂದ ಬಂದು, ಹಿತ್ತಲಿನ ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದರು. ಇಂಪನಾ "ಅಜ್ಜೀ" ಎಂದು ಓಡಿಹೋಗಿ ಕಾಲು ಹಿಡಿದುಕೊಂಡಳು. ಅತ್ತೆಯ ಮುಖ ಅರಳಿತು. ಆಮೇಲೆ ನನ್ನ ಕೈಯಲ್ಲಿದ್ದ ಚೀಲ ಕಂಡಿತು, ಹೆಣಿಗೆಯ ಸಂದಿಯಲ್ಲಿ ಕಂದು ಹತ್ತಿ. ಅವರು ಹಾಗೇ ಬಚ್ಚಲ ಕಟ್ಟೆಯ ಮೇಲೆ ಕೂತರು.

"ಬಿಚ್ಚಿದ್ಯಾ?"

"ಇದನ್ನ ನೀವೇ ಹಾಕ್ಸಿದ್ದಾ ಅತ್ತೆ?" ಎಂದೆ. ಇಲ್ಲ ಎನ್ನಲಿ ಎಂದು ಆ ಕ್ಷಣದಲ್ಲೂ ಆಸೆಯಿತ್ತು.

"ಹೌದು ಕಣಮ್ಮ. ನಾನೇ."

"ಸತ್ತವರ ಹಾಸಿಗೆ ಮೇಲೆ ಮಗೂನ ಮಲಗಿಸಿದ್ರಲ್ಲ!" ಎಂದೆ. "ನಿಮಗೆ ಹೆಂಗೆ ಮನಸ್ಸು ಬಂತು ಅತ್ತೆ? ಹೆಂಗೆ?"

ಅವರು ಚೀಲದ ಕಡೆಗೇ ನೋಡುತ್ತಿದ್ದರು. "ಹೊಳೆ ದಂಡೇಲಿ ಹಾಕಿದ ಹಾಸಿಗೆನ ನಾಯಿಗಳು ಎಳೆದಾಡೋದು ನೋಡಿದೀನಿ ನಾನು. ನಮ್ಮ ಬೀದಿ ಶಂಕರಮ್ಮನ ಗಂಡಂದು ಹಂಗೇ ಬಿದ್ದಿತ್ತು, ವಾರಗಟ್ಲೆ. ಇವ್ರದ್ದೂ ಹಂಗೆ ಬೀಳೋದು ಬೇಡ ಅನ್ನಿಸ್ತು. ಚಾಪೆ ಕೌದಿ ಸುತ್ತಿ ಕೊಟ್ಟು ಕಳಿಸ್ದೆ. ಹಾಸಿಗೆ ಅಟ್ಟದ ಮೇಲಿಟ್ಟೆ."

"ಇಟ್ಕೊಳ್ಳಿ! ನೀವು ಇಟ್ಕೊಳ್ಳಿ! ಮಗೂಗೆ ಯಾಕೆ ಕೊಟ್ರಿ?"

ಆಗ ಅವರು ತಲೆಯೆತ್ತಿದರು. ನನಗೇನೂ ತಿಳಿಯದೇನೋ ಎನ್ನುವಂತೆ ನೋಡಿದರು.

"ಮರೆತುಬಿಟ್ಯಾ? ಇವಳು ಎಲ್ಲಿ ಮಲಗಿದ್ರೂ ಕೆರ್ಕೊಂಡು ಕೆರ್ಕೊಂಡು ಅಳ್ತಿತ್ತು. ನಿನ್ನ ಮಗ್ಗುಲಲ್ಲೂ ಅಳ್ತಿತ್ತು, ನನ್ನ ಮಗ್ಗುಲಲ್ಲೂ ಅಳ್ತಿತ್ತು. ಅವ್ರ ಹಾಸಿಗೆ ಮೇಲೆ ಹಾಕಿದ್ರೆ ಮಾತ್ರ ಮಧ್ಯಾಹ್ನ ಪೂರ್ತಿ ಕೆರ್ಕೊಳ್ದೆ ಮಲಗ್ತಿತ್ತು. ಡಾಕ್ಟ್ರು ಹತ್ತಿ ಹಾಸಿಗೆ ಅಂದ್ರು ಅಂತ ನೀನೇ ಹೇಳ್ದೆ. ಇವಳಿಗೆ ಆಗಿಬರೋ ಹತ್ತಿ ಇದೊಂದೇ ಅಂತ ನಂಗೆ ಗೊತ್ತಿತ್ತು. ನನ್ನ ಜೀವ ಕೊಟ್ಟಂಗೆ ಕೊಟ್ಟೆ ಕಣೇ. ಹೇಳಿದ್ರೆ ನೀನು ತಗೋತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದರು. "ಹಾಯಾಗಿ ಮಲಗ್ತಾಳೆ ಅಂತ ನೀನೂ ಹೇಳ್ತಿದ್ಯಲ್ಲ. ವಾರ ವಾರ ಹೇಳ್ತಿದ್ಯಲ್ಲ."

ಇಂಪನಾಳನ್ನು ಹತ್ತಿರ ಎಳೆದುಕೊಂಡು ಅಂಗಿಯ ಗುಂಡಿ ಬಿಚ್ಚಿ, ಅವಳ ಬೆನ್ನನ್ನು ಅತ್ತೆಯ ಕಡೆಗೆ ತಿರುಗಿಸಿದೆ.

ಕುತ್ತಿಗೆಯಿಂದ ಸೊಂಟದವರೆಗೆ ಕೆಂಪು. ನಡುನಡುವೆ ಕೆರೆದು ಹೊಪ್ಪಳೆ ಎದ್ದ ಗೀರು, ನೀರಾಡುವ ಹಸಿ ಗಾಯ. ಅತ್ತೆ ಅದನ್ನು ನೋಡಿದ್ದು ಅದೇ ಮೊದಲು. ಒಂದು ಕೈ ತಾನಾಗಿ ಮುಂದೆ ಬಂತು, ಮುಟ್ಟಲು ಧೈರ್ಯವಾಗದೆ ಅರ್ಧಕ್ಕೆ ನಿಂತಿತು. ಅವರ ಬಾಯಿಂದ ಒಂದು ಸದ್ದು ಬಂತು, ಅಳುವೂ ಅಲ್ಲ, ಮಾತೂ ಅಲ್ಲ. ಮಾವ ಹೋದ ದಿನವೂ ಅವರಿಂದ ಅಂಥ ಸದ್ದು ನಾನು ಕೇಳಿರಲಿಲ್ಲ.

"ಇದು... ಇದರಿಂದಾನಾ?" ಎಂದು ಚೀಲ ತೋರಿಸಿದರು.

"ಮೊದಲೇ ಇತ್ತು. ಇದರಿಂದ ಇಷ್ಟಾಯ್ತು. ಹಳೇ ಹತ್ತಿ, ಅದರ ಧೂಳು, ಎಣ್ಣೆ."

ಅತ್ತೆ ಎದ್ದು ಚೀಲ ಎತ್ತಿಕೊಂಡರು. ಹೊಳೆಗೆ ಹೊರಟರೆಂದುಕೊಂಡು ಪ್ರಕಾಶನನ್ನು ಕರೆಯುತ್ತೇನೆ ಎಂದೆ. ಅವರು ಹೊಳೆಗೆ ಹೋಗಲಿಲ್ಲ. ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ತೆಂಗಿನಗರಿಗೆ ಬೆಂಕಿ ಹಚ್ಚಿ, ಚೀಲದಿಂದ ಒಂದು ಉಂಡೆ ತೆಗೆದು ಒಲೆಗೆ ಇಟ್ಟರು.

ನಾನು ದಂಗಾದೆ. "ಅತ್ತೆ! ಮನೆ ಒಲೇಲಾ? ಸತ್ತವರದ್ದು ಮನೆ ಒಲೇಲಿ ಸುಡ್ತಾರಾ ಯಾರಾದ್ರೂ? ಕೇಳಿದವರು ಏನಂತಾರೆ?"

"ಯಾರು ಏನಂದ್ರೆ ನಂಗೇನು. ಊರಾಚೆ ಸುಟ್ರೆ ಬರೀ ಬೂದಿ." ಎರಡನೇ ಉಂಡೆ ಇಟ್ಟರು. "ಮೊಮ್ಮಗಳಿಗೆ ಇಷ್ಟು ಕಷ್ಟ ಕೊಟ್ಟಿದೆ. ಒಂದು ಹಂಡೆ ನೀರಾದ್ರೂ ಕಾಯಿಸ್ಲಿ."

ಅವರನ್ನು ತಡೆಯಬೇಕಿತ್ತೋ ಏನೋ. ತಡೆಯಲಿಲ್ಲ. ಎಣ್ಣೆ ಕುಡಿದ ಹತ್ತಿ ಚಟಚಟ ಎಂದು ಹೊತ್ತಿಕೊಂಡಿತು. ಅತ್ತೆ ಒಂದೊಂದೇ ಉಂಡೆಯನ್ನು ಬಿಡಿಸಿ ನೋಡಿ, ಒಲೆಗೆ ಕೊಡುತ್ತಾ ಹೋದರು. ಪ್ಲಾಸ್ಟರಿನ ತುಂಡು ಸಿಕ್ಕಾಗ ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಅದನ್ನೂ ಹಾಕಿದರು. ನಾನು ಇಂಪನಾಳನ್ನು ಹೊಗೆಯಿಂದ ದೂರ, ಹಿತ್ತಲ ಬಾಗಿಲ ಒಳಗೆ ಹಿಡಿದುಕೊಂಡು ನಿಂತೆ. ಅವಳು ಮೂಗೆತ್ತಿ ಒಮ್ಮೆ ಮೂಸಿದಳು.

ನೀರು ಕಾಯಿತು. "ಬಿಸಿ ಇರಬಾರದು ಅತ್ತೆ, ಉಗುರು ಬೆಚ್ಚಗೆ" ಎಂದು ನಾನೇ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದೆ. ಅತ್ತೆ ಉಜ್ಜದೆ, ಬರೀ ಚೊಂಬಿನಿಂದ ಸುರಿದು ಮೊಮ್ಮಗಳ ಮೈ ತೊಳೆದರು. ನನ್ನ ಬ್ಯಾಗಿನಲ್ಲಿದ್ದ ಮುಲಾಮನ್ನು ನನ್ನನ್ನು ಕೇಳಿ ಕೇಳಿ, ಎಲ್ಲಿ ಎಷ್ಟು ಎಂದು ಕೇಳಿ, ಹಚ್ಚಿದರು.

ನಡುಮನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅತ್ತೆ ಪೆಟ್ಟಿಗೆಯಿಂದ ತಮ್ಮ ಹಳೆಯ ಹತ್ತಿ ಸೀರೆ ತೆಗೆದು ನನ್ನ ಮುಂದೆ ಹಿಡಿದರು. ನಾನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದೆ, ಮೂಸಿಯೂ ನೋಡಿದೆ. ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಹ್ಞೂಂ ಎಂದೆ. ಅದನ್ನೇ ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಸಿ ಇಂಪನಾಳನ್ನು ಮಲಗಿಸಿದೆವು.

ಅವಳು ಕೆರೆದುಕೊಳ್ಳಲಿಲ್ಲ ಎಂದು ನಾನು ಹೇಳುವುದಿಲ್ಲ. ಕಣ್ಣು ಮುಚ್ಚುತ್ತಿದ್ದಂತೆ ಕೈ ಕುತ್ತಿಗೆಗೆ ಹೋಯಿತು. ನಾನು ಏಳುವಷ್ಟರಲ್ಲಿ ಅತ್ತೆ ಪಕ್ಕದಲ್ಲಿ ಒರಗಿ, ಅವಳ ಎರಡೂ ಮುಷ್ಟಿಗಳನ್ನು ತಮ್ಮ ಒಂದು ಕೈಯೊಳಗೆ ಮುಚ್ಚಿಕೊಂಡಿದ್ದರು.

ಹೀಗೆ ಹಿಡಿದ ಕೈಯನ್ನು ನಾನು ಮೊದಲೂ ನೋಡಿದ್ದೆ. ಇನ್ನೂ ದೊಡ್ಡದು, ಕುಲುಮೆಯ ಮುಂದೆ ಸುಟ್ಟು ಕಪ್ಪಾಗಿದ್ದು. ಮಾವ ಮಧ್ಯಾಹ್ನವೆಲ್ಲ ಮೇಲೆದ್ದು ಕೂರಲಾಗದೆ ಮಲಗಿದಲ್ಲೇ ಮಲಗಿ, ಎದೆಯ ಮೇಲಿನ ಮಗುವಿನ ಎರಡೂ ಮುಷ್ಟಿಗಳನ್ನು ಹೀಗೇ ಹಿಡಿದಿರುತ್ತಿದ್ದರು. ಕೈ ಜೋಮು ಹಿಡಿದರೂ ಬಿಡುತ್ತಿರಲಿಲ್ಲ. ನಾನೂ ನೋಡಿದ್ದೆ, ಅತ್ತೆಯೂ ದಿನಾ ನೋಡಿದ್ದರು. ಮಗು ಕೆರೆದುಕೊಳ್ಳದೆ ಮಲಗುತ್ತದೆ ಎಂದು ನಾವಿಬ್ಬರೂ ಆಶ್ಚರ್ಯಪಟ್ಟಿದ್ದೆವು.

"ಅತ್ತೆ" ಎಂದೆ. ಮುಂದೆ ಹೇಳಬೇಕಾಗಲಿಲ್ಲ. ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು.

"ಅವ್ರ ಕೈ" ಎಂದರು. "ಹಾಸಿಗೆ ಅಲ್ಲ. ಅವ್ರ ಕೈ ಕಣೇ."

ಹಿತ್ತಲಿನಲ್ಲಿ ಒಲೆ ಇನ್ನೂ ಹೊಗೆಯಾಡುತ್ತಿತ್ತು. ನನಗೆ ಅತ್ತೆಯ ಮೇಲೆ ಸಿಟ್ಟು ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಆದರೂ ಆ ಹೊತ್ತಿನಲ್ಲಿ ಅವರ ಬೆನ್ನ ಹಿಂದೆ ಒಂದು ದಿಂಬು ತಂದು ಕೊಟ್ಟೆ.

ಇಂಪನಾ ಅರೆನಿದ್ದೆಯಲ್ಲಿ ಸೀರೆಗೆ ಮೂಗು ಒತ್ತಿ, "ತಾತನ ಹಾಸಿಗೆ ಎಲ್ಲಿ?" ಎಂದಳು.

"ನೀರು ಕಾಯ್ಸಿ ಖಾಲಿ ಆಯ್ತು ಪುಟ್ಟಿ" ಎಂದರು ಅತ್ತೆ, ಕೈ ಬಿಡದೆ.